ಬಲಭುಜದ ಬಿಳಿ ಚುಕ್ಕೆಗಳು

೭ ಅಕ್ಟೋಬರ್ ೧೯೫೬, ರವಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ನನಗೇ ನಾಚಿಕೆ. ಒಂದನೇ ಇಯತ್ತೆಯ ಹುಡುಗಿ ಹೀಗೆ ಬರೆದಿದ್ದರೆ ಪಾಟಿ ಒರೆಸಿ ಮತ್ತೆ ಬರೆಯಲು ಹೇಳುತ್ತಿದ್ದೆ.

ಶುಕ್ರವಾರ ಬಿದ್ದೆ. ಎಲ್ಲ ಕುಬೇರಪ್ಪನ ಕೃಪೆ. ಬರುವ ತಿಂಗಳ ಒಂದನೆಯ ತಾರೀಖಿಗೆ ಕನ್ನಡ ನಾಡು ಒಂದಾಗುತ್ತದಂತೆ. ಆ ಸಮಾರಂಭಕ್ಕೆಂದು ಸಮಿತಿಯ ಅಧ್ಯಕ್ಷನಾದ ಈ ಮಹಾಶಯ ನಮ್ಮ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ವೇದಿಕೆ ಕಟ್ಟಿಸಿದ್ದಾನೆ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಹೊಟ್ಟೆ ಬೆಳೆಸಿದವನಿಗೆ ಹಲಗೆಗೆ ಮೊಳೆ ಹೊಡೆಸಬೇಕೆಂಬುದು ಹೊಳೆಯಲಿಲ್ಲ. ಹುಡುಗಿಯರಿಗೆ ಹಾಡು ಹೇಳಿಕೊಡಲು ಮುಖ್ಯೋಪಾಧ್ಯಾಯಿನಿ ಬನಶಂಕರೆವ್ವ ಎಂಬ ನಾನು ಮೊದಲು ಹತ್ತಿದೆ, ಹಲಗೆ ಮಗುಚಿತು, ಬಲಗೈ ಮುಂದೆ ಚಾಚಿಕೊಂಡು ಕೆಳಗೆ ಬಿದ್ದೆ. ಒಂದಾಗುವ ನಾಡು ಮೊದಲು ನನ್ನ ಎಲುಬನ್ನು ಎರಡು ಮಾಡಿತು.

ಭುಜ ಊದಿ ಗುಂಡಗಾಗಿದೆ. ತಂಗಿ ಚಂದ್ರವ್ವ ಶಿರಹಟ್ಟಿಯ ಕಡೆ ಎಲುಬು ಕಟ್ಟುವವನೊಬ್ಬ ಇದ್ದಾನೆ, ಅಲ್ಲಿಗೆ ಹೋಗೋಣವೆಂದು ಹಟ ಹಿಡಿದಳು. ಬೈದೆ. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಹೋಗಿ, ಗಂಡ ಸತ್ತ ಮೇಲೆ ನನ್ನ ಮನೆಗೆ ಬಂದವಳು, ಟ್ರೇನಿಂಗ್ ಕಾಲೇಜು ಕಂಡ ಅಕ್ಕನಿಗೆ ಬುದ್ಧಿ ಹೇಳುತ್ತಾಳೆ. ನಿನ್ನೆ ಶನಿವಾರ ಹನಮಪ್ಪನ ಗುಡಿಯಿಂದ ಸಿಂಧೂರ ತಂದು, ಎಣ್ಣೆಯಲ್ಲಿ ಕಲಸಿ, ಭುಜಕ್ಕೂ ಕಂಕುಳಿಗೂ ದಪ್ಪಗೆ ಬಳಿದಳು. ನೋವಿನಲ್ಲಿ ಬೇಡವೆನ್ನಲು ಬಾಯಿ ಬರಲಿಲ್ಲ. ತಂಪಾಗಿತ್ತು. ಎಣ್ಣೆಯಿಂದ ಇರಬೇಕು.

೮ ಅಕ್ಟೋಬರ್, ಸೋಮವಾರ

ಗದಗಿನ ಅರಳೆ ವ್ಯಾಪಾರಿಗಳು ಕಟ್ಟಿಸಿದ ಧರ್ಮಾಸ್ಪತ್ರೆಗೆ ಸೇರಿದ್ದೇನೆ. ಇಲ್ಲಿ ಎಕ್ಸ್-ರೇ ಯಂತ್ರ ಬಂದು ಒಂದು ವರ್ಷವಾಗಿಲ್ಲ. ಊರವರು ಅದನ್ನು ಎಲುಬಿನ ಫೋಟೋ ತೆಗೆಯುವ ಕ್ಯಾಮರಾ ಎನ್ನುತ್ತಾರೆ. ನಡೆಸುವವನು ಹಮ್ಮಿಗಿಯ ಹುಡುಗ. ಹೊಳೆದಂಡೆಯ ಜೋಳದ ಹೊಲದಿಂದ ನೇರ ಮುಂಬಯಿಗೆ ಹೋಗಿ ಡಾಕ್ಟರಾಗಿ ಬಂದಿದ್ದಾನೆ. ಹೆಸರು ಉಡಚಪ್ಪ. ಮಾತಾಡುವಾಗ ಗೋಡೆ ನೋಡುತ್ತಾನೆ.

ಗೋಡೆ ನೋಡಿಕೊಂಡೇ ಕುಪ್ಪಸ ತೆಗೆಯಬೇಕಾಗುತ್ತದೆ ಎಂದ. ಆಗುವುದಿಲ್ಲವೆಂದೆ. ನರ್ಸನ್ನು ಕಳಿಸಿದ. ಅವಳಿಗೂ ಅದೇ ಉತ್ತರ ಕೊಟ್ಟೆ. ತೆಗೆದರೆ ಒಳಗಿನ ಕೆಂಪು ಬಳಿತ ಕಾಣುತ್ತದೆ. ಇದೇ ಮಾರ್ಚಿನಲ್ಲಿ ಪರೀಕ್ಷೆಗೆ ತಾಯಿತ ಕಟ್ಟಿಕೊಂಡು ಬಂದ ಹುಡುಗಿಯರ ತೋಳಿನಿಂದ ಒಂದೊಂದನ್ನೂ ಕತ್ತರಿಸಿ ಮೇಜಿನ ಮೇಲೆ ರಾಶಿ ಹಾಕಿದವಳು ನಾನು. ಕುಬೇರಪ್ಪನ ಮಗಳ ಬೆಳ್ಳಿಯ ತಾಯಿತವೂ ಅದರಲ್ಲಿತ್ತು. ಶಾಲೆಯ ಅಕ್ಕೋರ ಭುಜಕ್ಕೆ ಹನಮಪ್ಪನ ಸಿಂಧೂರ ಎಂದು ತಿಳಿದರೆ ನಮ್ಮ ಬೆಟಗೇರಿಯ ಓಣಿಗಳು ಒಂದು ವರ್ಷ ನಗುತ್ತವೆ.

ನಿಮ್ಮ ಯಂತ್ರಕ್ಕೆ ಬಟ್ಟೆ ಕಾಣುವುದಿಲ್ಲ, ಎಲುಬು ಮಾತ್ರ ಕಾಣುತ್ತದೆ ಎನ್ನುತ್ತೀರಿ, ಹಾಗಾದರೆ ಕುಪ್ಪಸದ ಮೇಲೆಯೇ ತೆಗೆಯಿರಿ ಎಂದೆ. ಒಪ್ಪಿಕೊಂಡ. ಪುಕ್ಕಲ. ಮುಂಬಯಿಯಲ್ಲಿ ಇವನಿಗೆ ಇಲ್ಲ ಎನ್ನುವುದನ್ನು ಯಾರೂ ಕಲಿಸಿಲ್ಲ.

೧೦ ಅಕ್ಟೋಬರ್, ಬುಧವಾರ

ಮುಂಜಾನೆ ದೊಡ್ಡ ಡಾಕ್ಟರು ಅಂದಾನಪ್ಪನವರು ಬಂದರು. ಊರಿನಲ್ಲಿ ಅವರ ಹೆಸರು ದೊಡ್ಡದು, ಮೂಗಿನಲ್ಲಿ ನಶ್ಯ ಅದಕ್ಕಿಂತ ದೊಡ್ಡದು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಎರಡೇ ತುಂಡು ಎಂದರು. ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಹಾಕಿಕೊಂಡು ಇರಿ, ತಾನೇ ಕೂಡುತ್ತದೆ. ಬಿಳಿ ಚುಕ್ಕೆಗಳು ಕಾಣುತ್ತವಲ್ಲ ಎಂದು ಕೇಳಿದ್ದಕ್ಕೆ ಫಿಲ್ಮಿನ ಹೊಲಸು ಎಂದರು.

ಮಧ್ಯಾಹ್ನ ಉಡಚಪ್ಪ ಅದೇ ಫೋಟೋವನ್ನು ದೀಪದ ಪೆಟ್ಟಿಗೆಯ ಮೇಲೆ ಇಟ್ಟು ತೋರಿಸಿದ. ನಾಲ್ಕು ತುಂಡು ಎಂದ. ತೋಳಿನ ಎಲುಬಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಭುಜ ತಿರುಗುವುದು ಅದರಿಂದ. ಆ ಗುಂಡಿನ ಸುತ್ತ ಇರುವ ಬಿಳಿ ಚುಕ್ಕೆಗಳೆಲ್ಲ ಎಲುಬಿನ ಚೂರುಗಳಂತೆ. ಅಷ್ಟು ಚೂರಾಗಿದ್ದರೆ ಗುಂಡಿಗೆ ರಕ್ತ ಹೋಗುವುದು ನಿಂತಿರುತ್ತದೆ, ಅದು ಒಳಗೇ ಸಾಯುತ್ತದೆ, ಕೊಯ್ದು ತೆಗೆದುಬಿಡಬೇಕು.

ಒಂದೇ ಫೋಟೋ, ಒಂದೇ ದಿನ. ಒಬ್ಬರಿಗೆ ಹೊಲಸು, ಇನ್ನೊಬ್ಬರಿಗೆ ಎಲುಬು. ಅನುಮಾನ ಇಬ್ಬರಿಗೂ ಇಲ್ಲ.

ಗುಂಡು ತೆಗೆದರೆ ಕೈ ಜೋತು ಬೀಳುತ್ತದೆ. ತೆಗೆಯದೆ ಅದು ಸತ್ತರೆ ಕೀಲೇ ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಕರಿಹಲಗೆಯ ಮೇಲೆ ಬರೆಯಲಾಗದ ಶಿಕ್ಷಕಿಯನ್ನು ಇಲಾಖೆ ಎಷ್ಟು ದಿನ ಇಟ್ಟುಕೊಂಡೀತು? ಮದುವೆ, ಮಕ್ಕಳು ಯಾವುದೂ ಬೇಡವೆಂದು ಹಿಡಿದದ್ದು ಈ ಸೀಮೆಸುಣ್ಣ ಒಂದನ್ನೇ. ಅದನ್ನು ಈ ಇಬ್ಬರು ಪಂಡಿತರ ಕೈಗೆ ಕೊಟ್ಟು ಮಲಗಿದ್ದೇನೆ.

೧೩ ಅಕ್ಟೋಬರ್, ಶನಿವಾರ

ಚಂದ್ರವ್ವ ಹಾಸಿಗೆಯ ಸುತ್ತ ಪರದೆ ಎಳೆದು ಮತ್ತೆ ಸಿಂಧೂರ ಹಚ್ಚಿದಳು. ಅವಳ ಸಮಾಧಾನಕ್ಕೆ ಬಿಟ್ಟೆ. ಆಮೇಲೆ ನಿದ್ದೆ ಹತ್ತಿತು. ಊಟ ಹೆಚ್ಚಾಗಿತ್ತು.

೧೬ ಅಕ್ಟೋಬರ್, ಮಂಗಳವಾರ

ಇವತ್ತು ಇಬ್ಬರಿಗೂ ಪರೀಕ್ಷೆ ಇಟ್ಟೆ.

ಮುಲ್ಕಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದರಲ್ಲಿ ನಾನು ಹಳೆಯ ಹುಲಿ. ಅಲ್ಲಿ ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ನಂಬರು ಇರುತ್ತದೆ. ಜಗಳ ಬಂದ ಪತ್ರಿಕೆಯನ್ನು ಇಬ್ಬರು ತಿದ್ದುತ್ತಾರೆ, ಒಬ್ಬರು ಕೊಟ್ಟ ಗುಣಾಂಕ ಇನ್ನೊಬ್ಬರಿಗೆ ತೋರಿಸುವುದಿಲ್ಲ. ಏಳನೇ ಇಯತ್ತೆಯ ಹುಡುಗಿಯ ನಿಬಂಧಕ್ಕೆ ಇಷ್ಟು ಎಚ್ಚರಿಕೆ ಇದೆ, ನನ್ನ ಭುಜಕ್ಕೆ ಇಲ್ಲವೇ ಎಂದು ಅಂದಾನಪ್ಪನವರನ್ನು ಕೇಳಿದೆ. ಹೊಟ್ಟೆ ಕುಣಿಯುವಂತೆ ನಕ್ಕರು. ಆದರೂ ಒಪ್ಪಿದರು. ಹುಡುಗನ ಸೊಕ್ಕು ಇಳಿಯಲಿ ಎಂಬ ಆಸೆ ಮುಖದಲ್ಲೇ ಕಾಣುತ್ತಿತ್ತು.

ನರ್ಸು ಕಪಾಟಿನಿಂದ ಹಳೆಯ ಭುಜದ ಫೋಟೋಗಳನ್ನು ತೆಗೆದು, ನನ್ನದನ್ನೂ ಸೇರಿಸಿ, ಹೆಸರಿನ ಮೇಲೆ ಕಾಗದ ಅಂಟಿಸಿದಳು. ಒಬ್ಬರು ಒಳಗೆ ನೋಡುವಾಗ ಇನ್ನೊಬ್ಬರು ಹೊರಗೆ. ನಾನು ಕೈ ಜೋತುಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದೆ, ಪರೀಕ್ಷೆಯ ಕೋಣೆಯಲ್ಲಿ ಕೂರುವ ಹಾಗೆಯೇ.

ಸುಲಭದ ಮುರಿತಗಳಲ್ಲಿ ಇಬ್ಬರೂ ಒಂದೇ ಹೇಳಿದರು. ಎಲುಬು ಒಂದೇ ಗೆರೆಯಲ್ಲಿ ಸೀಳಿದ್ದರೆ ಅದನ್ನು ನಾನೂ ಹೇಳಿಯೇನು. ಕಠಿಣವಾದವು ಬಂದಾಗ ಒಬ್ಬರು ಉತ್ತರಕ್ಕೆ, ಒಬ್ಬರು ದಕ್ಷಿಣಕ್ಕೆ. ನನ್ನ ಫೋಟೋ ಬಂತು. ಎರಡೇ ತುಂಡು ಎಂದಿದ್ದ ಅಂದಾನಪ್ಪನವರು ಈಗ ನಾಲ್ಕು ಎಂದರು, ಕೊಯ್ಯಬೇಕೆಂದರು. ನಾಲ್ಕು ಎಂದಿದ್ದ ಉಡಚಪ್ಪ ಎರಡು ಎಂದ, ಜೋಳಿಗೆ ಸಾಕೆಂದ. ಮೊನ್ನೆಯ ಧೈರ್ಯ ಇಬ್ಬರಲ್ಲೂ ಹಾಗೆಯೇ ಇತ್ತು, ಮಾತು ಮಾತ್ರ ಅದಲುಬದಲಾಗಿತ್ತು.

ನರ್ಸು ಕಾಗದ ಕಿತ್ತು ಹೆಸರು ಓದಿದಾಗ ಅಂದಾನಪ್ಪನವರಿಗೆ ಸೀನು ಬಂತು. ಆಮೇಲೆ ದೀಪ ಸರಿಯಿಲ್ಲ ಎಂದರು. ಉಡಚಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟ. ನಾನು ನಕ್ಕೆ. ನೋಯುವ ಭುಜ ಹಿಡಿದುಕೊಂಡು ನಕ್ಕೆ. ಬಹಳ ದಿನಗಳಿಂದ ಇಂಥ ಸುಖ ಸಿಕ್ಕಿರಲಿಲ್ಲ.

ಮಧ್ಯಾಹ್ನ ರೊಟ್ಟಿಯನ್ನು ಹಾಗೆಯೇ ಬಿಟ್ಟೆ. ಇಬ್ಬರನ್ನೂ ನಾಪಾಸು ಮಾಡಿದೆ, ಸರಿ. ಮೂರನೆಯ ಪರೀಕ್ಷಕ ಎಲ್ಲಿದ್ದಾನೆ?

೧೭ ಅಕ್ಟೋಬರ್, ಬುಧವಾರ

ಉಡಚಪ್ಪ ಬಂದ. ಸಬೂಬು ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ಇವತ್ತು ಗೋಡೆ ನೋಡದೆ ನನ್ನನ್ನೇ ನೋಡಿದ.

"ನನಗ ತಿಳಿಯವಲ್ದು ರೀ ಅಕ್ಕೋರ. ಎರಡು ಸಲ ನೋಡಿದ್ನಿ, ಎರಡು ಸಲಾನೂ ಬ್ಯಾರೆ ಬ್ಯಾರೆ ಕಂಡೈತಿ. ಆದ್ರ ಈ ಚುಕ್ಕಿ ಎಲುಬಿಗಿಂತ ಬೆಳ್ಳಗ ಅದಾವ. ಎಲುಬು ಇಷ್ಟು ಬೆಳ್ಳಗ ಬರೂದಿಲ್ಲ. ಭುಜಕ್ಕ ಏನರ ಹಚ್ಚೀರೇನ್ರಿ?"

ಏನೂ ಇಲ್ಲ ಎಂದೆ.

ಚಂದ್ರವ್ವ ಹಾಸಿಗೆಯ ಕಾಲಬಳಿ ನಿಂತಿದ್ದಳು. ಬಾಯಿ ತೆರೆದಳು. ಅವಳ ಕಡೆ ನೋಡಿದೆ, ಮುಚ್ಚಿಕೊಂಡಳು.

ಮುಂದಿನಿಂದ ತೆಗೆದ ಫೋಟೋ ಒಂದನ್ನೇ ನಂಬಲಾಗದು ಎಂದ ಉಡಚಪ್ಪ. ಗುಂಡು ಹಿಂದಕ್ಕೆ ಜಾರಿದ್ದರೂ ಮುಂದಿನಿಂದ ನೋಡಿದರೆ ಜಾಗದಲ್ಲೇ ಇದ್ದ ಹಾಗೆ ಕಾಣುತ್ತದಂತೆ. ಆದ್ದರಿಂದ ಇನ್ನೊಂದು ಬೇಕು: ಕೈಯನ್ನು ಮೈಯಿಂದ ದೂರ ಎತ್ತಿ, ಭುಜದ ಮೇಲೆ ಫಿಲ್ಮು ಇಟ್ಟು, ಕಂಕುಳಿನ ಕೆಳಗಿನಿಂದ ಕಿರಣ ಬಿಡುವುದು. ಅದಕ್ಕೆ ಕುಪ್ಪಸದ ತೋಳು ತೆಗೆಯಲೇಬೇಕು. ಆಗುವುದಿಲ್ಲವೆಂದೆ. ನಿನ್ನೆ ನಾಪಾಸಾದವನು ಇಂದು ತನಗೆ ಬೇಕಾದ ಪ್ರಶ್ನೆಪತ್ರಿಕೆ ಕೇಳುತ್ತಾನೆ. ಹಾಗಾದರೆ ಮುಂದಿನಿಂದಲೇ ಮತ್ತೊಂದು ತೆಗೆಯುತ್ತೇನೆ ಎಂದು ಹೊರಟುಹೋದ. ಇನ್ನೂ ಸ್ವಲ್ಪ ಒತ್ತಾಯ ಮಾಡಬಹುದಾಗಿತ್ತು. ಕೆಲಸದಲ್ಲಿ ನಂಬಿಕೆ ಇದ್ದವನು ಒತ್ತಾಯ ಮಾಡುತ್ತಾನೆ.

೧೮ ಅಕ್ಟೋಬರ್, ಗುರುವಾರ

ಚಂದ್ರವ್ವನ ಕಾಟ. "ನಾ ಹೇಳತೇನಿ ಅಕ್ಕಾ. ಬೈದ್ರ ನನಗ ಬೈತಾರ" ಎಂದಳು. ಬಾಯಿ ಬಿಟ್ಟರೆ ಆಸ್ಪತ್ರೆಗೂ ಬರಬೇಡ, ಮನೆಯಲ್ಲೂ ಇರಬೇಡ ಎಂದೆ. ಅತ್ತಳು. ಅಳುವುದು ಅವಳಿಗೆ ಚಿಕ್ಕಂದಿನಿಂದಲೂ ಸುಲಭ.

೨೦ ಅಕ್ಟೋಬರ್, ಶನಿವಾರ

ಎರಡನೆಯ ಫೋಟೋ ಆಯಿತು. ಮತ್ತೆ ಕುಪ್ಪಸದ ಮೇಲೆಯೇ.

ಚಂದ್ರವ್ವ ಇವತ್ತು ಸಿಂಧೂರ ತರಲಿಲ್ಲ. ನಾನು ಕೇಳಲೂ ಇಲ್ಲ. ಭುಜ ದಿನವಿಡೀ ಉರಿಯಿತು.

೨೨ ಅಕ್ಟೋಬರ್, ಸೋಮವಾರ

ಅಂದಾನಪ್ಪನವರು ಎರಡೂ ಫೋಟೋ ಹಿಡಿದುಕೊಂಡು ಬಂದರು. ಚುಕ್ಕೆಗಳು ಜಾಗ ಬದಲಿಸಿವೆ. ಮೊದಲು ಗುಂಡಿನ ಬಳಿ ಇದ್ದವು ಈಗ ಕಂಕುಳಿನ ಕಡೆಗೆ ಇಳಿದಿವೆ. ಚೂರುಗಳು ಒಳಗೇ ಸರಿಯುತ್ತಿವೆ, ಇನ್ನು ಕಾಯುವುದು ಅಪಾಯ, ಬುಧವಾರ ಕೊಯ್ದು ಗುಂಡು ತೆಗೆಯುತ್ತೇನೆ ಎಂದರು. ಫಿಲ್ಮಿನ ಹೊಲಸು ಈಗ ಎಲುಬಾಗಿದೆ.

ಹಿಂದೆ ನಿಂತಿದ್ದ ಉಡಚಪ್ಪ, ಎಲುಬಿನ ಚೂರು ಹೀಗೆ ಅಡ್ಡಾಡುವುದಿಲ್ಲ ಎಂದು ಮೆಲ್ಲಗೆ ಹೇಳಿದ. ನಾಲ್ಕು ತುಂಡು ಎಂದು ಮೊದಲು ಹೇಳಿದವನು ನೀನೇ ಅಲ್ಲವೇ ಎಂದು ಅಂದಾನಪ್ಪನವರು ತಿರುಗಿ ಕೇಳಿದರು. ಅವನು ಸುಮ್ಮನಾದ. ಸುಮ್ಮನಾಗಬಾರದಿತ್ತು. ಈ ಹುಡುಗ ಸರಿಯಾಗಿ ಹೇಳುವಾಗಲೆಲ್ಲ ಮೆಲ್ಲಗೆ ಹೇಳುತ್ತಾನೆ.

೨೩ ಅಕ್ಟೋಬರ್, ಮಂಗಳವಾರ

ನಾಳೆ ಕೊಯ್ಯುವಾಗ ಕುಪ್ಪಸ ಇರುವುದಿಲ್ಲ. ಚಂದ್ರವ್ವನಿಗೆ ಹೇಳಿ ಬಿಸಿನೀರು, ಸೀಗೆಪುಡಿ, ಕಡಲೆಹಿಟ್ಟು ತರಿಸಿದೆ. ಪರದೆ ಎಳೆದು ಭುಜ, ಕಂಕುಳು ಎಲ್ಲ ತಿಕ್ಕಿದಳು. ಎಣ್ಣೆಯ ಸಿಂಧೂರ ಸುಲಭಕ್ಕೆ ಬಿಡುವುದಿಲ್ಲ. ತಿಕ್ಕುತ್ತಾ ಅಳುತ್ತಿದ್ದಳು, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹಳೆಯ ಕುಪ್ಪಸದ ಮಡಿಕೆಗಳಲ್ಲಿ ಒಣಗಿದ ಕೆಂಪು ಹಕ್ಕಳೆ ತುಂಬಿತ್ತು, ಅದನ್ನು ಚೀಲಕ್ಕೆ ತುರುಕಿಸಿದೆ.

ಈಗ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ನನ್ನ ಮರ್ಯಾದೆ ಉಳಿಯಿತು.

ಹೆದರಿಕೆಯಾಗುತ್ತಿದೆ.

೨೪ ಅಕ್ಟೋಬರ್, ಬುಧವಾರ

ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಕೂತೆ. ನಡೆದದ್ದು ನಡೆದಿದೆ.

ಮುಂಜಾನೆ ಮೇಜಿನ ಮೇಲೆ ಮಲಗಿಸಿದರು. ಎಚ್ಚರ ತಪ್ಪಿಸುವ ಈಥರಿನ ವಾಸನೆ ಆಗಲೇ ತುಂಬಿತ್ತು. ಚಂದ್ರವ್ವ ಬಾಗಿಲ ಹೊರಗೆ. ಉಡಚಪ್ಪ ಫೋಟೋಗಳನ್ನು ಕಿಟಕಿಗೆ ಸಿಗಿಸುತ್ತಿದ್ದ. ಅಂದಾನಪ್ಪನವರು ಕೈ ತೊಳೆಯುತ್ತಾ ಬಹಳ ಉತ್ಸಾಹದಲ್ಲಿದ್ದರು. "ಆ ಚೂರು ಒಂದೂ ಬಿಡೂದಿಲ್ರಿ ಅಕ್ಕೋರ, ಎಲ್ಲಾ ಆರಿಸಿ ತಗದು ಬಾಟ್ಲಿಯಾಗ ಹಾಕಿ ಕೊಡತೇನಿ" ಎಂದರು.

ಇಲ್ಲದ ಚೂರನ್ನು ಆರಿಸಲು ಈ ಮನುಷ್ಯ ನನ್ನ ಭುಜವನ್ನು ಎಷ್ಟು ಹೊತ್ತು ಕೆದಕುತ್ತಾರೆ? ಸಿಗುವವರೆಗೂ. ಸಿಗದಿದ್ದರೆ ಸಿಕ್ಕಿತೆಂದು ಹೇಳುವವರೆಗೂ. ಅವರ ಬಗ್ಗೆ ನನಗೆ ಇದ್ದ ತಿರಸ್ಕಾರವೆಲ್ಲ ಒಮ್ಮೆಲೇ ಗಂಟಲಿಗೆ ಬಂತು, ಅದರ ಜೊತೆಗೆ ಮಾತೂ ಬಂತು.

"ಅವು ಎಲುಬಲ್ಲ. ಸಿಂಧೂರ. ನನ್ನ ತಂಗಿ ತಿಳೀಲಾರದ ಹಚ್ಚ್ಯಾಳ."

ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಉಡಚಪ್ಪ ಫೋಟೋದ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಸಿಂಧೂರದಲ್ಲಿ ಸೀಸ ಇರುತ್ತದೆ, ಸೀಸವನ್ನು ಈ ಕಿರಣ ದಾಟುವುದಿಲ್ಲ, ಅದಕ್ಕೇ ಅಷ್ಟು ಬಿಳಿ ಎಂದ. ಕುಪ್ಪಸದ ಮಡಿಕೆಯಲ್ಲಿ ಉದುರಿದ್ದು ಮಡಿಕೆ ಸರಿದಂತೆ ಸರಿದಿದೆ ಎಂದ. ಅಂದಾನಪ್ಪನವರು ಒದ್ದೆ ಕೈಯಲ್ಲೇ ಬಾಗಿಲಿಗೆ ಹೋಗಿ ಚಂದ್ರವ್ವನಿಗೆ ಬಾಯಿಗೆ ಬಂದಂತೆ ಬೈದರು. ನಿನ್ನ ಮೂಢತನಕ್ಕೆ ಅಕ್ಕನ ಕೈ ಹೋಗುತ್ತಿತ್ತು ಎಂದರು. ಚಂದ್ರವ್ವ ತಲೆ ತಗ್ಗಿಸಿ ನಿಂತಳು. ಒಂದು ಮಾತು ಆಡಲಿಲ್ಲ. ಆಡಬಹುದಾಗಿತ್ತು.

ಆಮೇಲೆ ಆಸ್ಪತ್ರೆಯ ಚಾದರ ಸುತ್ತಿಕೊಂಡು ಹೊಸ ಫೋಟೋ ತೆಗೆಸಿಕೊಂಡೆ. ಮುಂದಿನಿಂದ ಒಂದು: ಚುಕ್ಕೆ ಒಂದೂ ಇಲ್ಲ. ಕಂಕುಳಿನಿಂದ ಇನ್ನೊಂದು: ಇದಕ್ಕೆ ಕೈಯನ್ನು ಯಾರಾದರೂ ಎತ್ತಿ ಹಿಡಿಯಬೇಕು. ನರ್ಸು ಹಿಡಿದಾಗ ಚೀರಿದೆ. ಚಂದ್ರವ್ವ ಬಂದು ಹಿಡಿದಳು. ನೂಲಿನ ಎಳೆ ಹರಿಯದಂತೆ ಹಿಡಿಯುವ ಕೈ ಅದು. ಆದರೂ ಚೀರಿದೆ.

ಹೊರಗೊಬ್ಬರು, ಒಳಗೊಬ್ಬರು, ಮೊದಲಿನ ಹಾಗೆಯೇ ಓದಬೇಕೆಂದು ಹಟ ಹಿಡಿದೆ. ಓದಿದರು. ಗುಂಡು ಹಿಂದಕ್ಕೆ ಜಾರಿ ಕೂತಿದೆ, ಪಕ್ಕದ ಒಂದು ತುಂಡು ಮುರಿದಿದೆ, ಗುಂಡು ಮಾತ್ರ ಇಡಿಯಾಗಿದೆ. ಇಬ್ಬರೂ ಅದನ್ನೇ ಹೇಳಿದರು. ಮೊದಲ ಸಲ. ಅಂದಾನಪ್ಪನವರು ಮತ್ತೊಮ್ಮೆ ಒಳಗೆ ಹೋಗಿ ನೋಡಿ ಬಂದು, ಹೌದು ಎಂದರು.

ಈಥರು ಕೊಟ್ಟು, ಎಳೆದು, ಗುಂಡನ್ನು ಜಾಗಕ್ಕೆ ಕೂರಿಸಿದರಂತೆ. ಕೊಯ್ಯಲಿಲ್ಲ. ಎಚ್ಚರವಾದಾಗ ಸಂಜೆಯಾಗಿತ್ತು.

೨೬ ಅಕ್ಟೋಬರ್, ಶುಕ್ರವಾರ

ಕೈ ಮೊದಲಿನಂತೆ ಏಳುತ್ತದೆಯೇ ಎಂದು ಉಡಚಪ್ಪನನ್ನು ಕೇಳಿದೆ. ಪೂರ್ತಿ ಏಳುವುದಿಲ್ಲ ಎಂದ. ವ್ಯಾಯಾಮ, ಎಣ್ಣೆ ತಿಕ್ಕುವುದು ಏನೇ ಮಾಡಿದರೂ ಭುಜದ ಮಟ್ಟಕ್ಕೆ ಬಂದರೆ ಪುಣ್ಯ. ಬಹಳ ದಿನ ಹಿಂದಕ್ಕೆ ಕೂತು ಕೀಲು ಬಿಗಿದಿದೆ. ತಾನು ಕೇಳಿದ ದಿನವೇ ಆ ಫೋಟೋ ತೆಗೆದಿದ್ದರೆ ಎಂದು ಶುರುಮಾಡಿ ನಿಲ್ಲಿಸಿದ. ಮುಗಿಸಿದ್ದರೂ ಆಗುತ್ತಿತ್ತು. ಅರ್ಧ ವಾಕ್ಯ ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

೧ ನವೆಂಬರ್, ಗುರುವಾರ

ನಾಡು ಒಂದಾಯಿತು. ಬೆಳಿಗ್ಗೆಯಿಂದ ಬ್ಯಾಂಡು, ಪಟಾಕಿ, ಜಯಕಾರ. ದೀಪಾವಳಿಯೂ ಇದೇ ವಾರ ಬಂದದ್ದರಿಂದ ಯಾವ ಪಟಾಕಿ ಯಾವುದಕ್ಕೆಂದು ತಿಳಿಯುವಂತಿಲ್ಲ. ರಾತ್ರಿ ಮುಂಬಯಿ ರಾಜ್ಯದವರಾಗಿ ಮಲಗಿದವರು ಬೆಳಿಗ್ಗೆ ಮೈಸೂರು ರಾಜ್ಯದವರಾಗಿ ಎದ್ದಿದ್ದೇವೆ. ಇಷ್ಟು ಗದ್ದಲ ಮಾಡಿ ಕಟ್ಟಿದ ನಾಡಿಗೆ ಹೊಸದೊಂದು ಹೆಸರು ಹುಡುಕಲಾಗಲಿಲ್ಲ.

ಕುಬೇರಪ್ಪ ಮೆರವಣಿಗೆ ಮುಗಿಸಿ ಪೇಡೆ ಹಿಡಿದುಕೊಂಡು ಬಂದ. ಹೊಸ ರುಮಾಲು. ವೇದಿಕೆಗೆ ಈ ಸಲ ಮೊಳೆ ಹೊಡೆಸಿದ್ದನಂತೆ. ಸಿಂಧೂರದ ಸುದ್ದಿ ಅವನಿಗೂ ಮುಟ್ಟಿದೆ. ಚಂದ್ರವ್ವ ನೀರು ತಂದುಕೊಡುವಾಗ ಅವಳ ಎದುರಿಗೇ, ಓದದ ಹೆಂಗಸರಿಂದ ಮನೆಗಳು ಹೀಗೇ ಹಾಳಾಗುತ್ತವೆ ಎಂದ. ಭಾಷಣದ ಬಿಸಿ ಇನ್ನೂ ಆರಿರಲಿಲ್ಲ. ಅವಳು ಲೋಟ ಇಟ್ಟು ಹೋದಳು.

ನಾನು ಏನೂ ಹೇಳಲಿಲ್ಲ. ಹೇಳುವುದೇನಿದೆ? ಹಚ್ಚಿದವಳು ಅವಳೇ ತಾನೆ. ಪೇಡೆ ತಿನ್ನಲಾಗಲಿಲ್ಲ, ವಾರದ ಹಿಂದಿನದಿರಬೇಕು.

೨೬ ನವೆಂಬರ್, ಸೋಮವಾರ

ಶಾಲೆಗೆ ಹೋದೆ. ಇನ್ಸ್‌ಪೆಕ್ಟರು ಬಂದು ನನ್ನ ಕೈಯನ್ನು ಸಂತೆಯ ಎತ್ತಿನ ಕಾಲು ನೋಡುವ ಹಾಗೆ ನೋಡಿದರು. ವರ್ಷದ ಕೊನೆಯವರೆಗೆ ನೋಡೋಣ ಎಂದರು. ಕರಿಹಲಗೆಯ ಕೆಳಗಿನ ಅರ್ಧದಲ್ಲಿ ಬರೆಯಬಲ್ಲೆ. ಹಿಂದಿನ ಸಾಲಿನ ಹುಡುಗಿಯರು ಎದ್ದು ನಿಂತು ಓದುತ್ತಾರೆ. ಕೂಡ್ರಿ ಎಂದು ಗದರಿದರೆ ಅಕ್ಷರ ಕಾಣುವುದಿಲ್ಲ, ನಿಲ್ಲಲು ಬಿಟ್ಟರೆ ಶಿಸ್ತು ಇರುವುದಿಲ್ಲ.

ದಿನಾ ಬೆಳಿಗ್ಗೆ ಚಂದ್ರವ್ವನೇ ನನ್ನ ತಲೆ ಬಾಚಬೇಕು. ಕೈ ಎತ್ತಲು ಹೋಗಿ ಅದು ಅರ್ಧದಲ್ಲಿ ನಿಂತರೆ ಬೇರೆ ಕಡೆ ನೋಡುತ್ತಾಳೆ. ಗುಡಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ತನ್ನಿಂದಲೇ ಅಕ್ಕನ ಕೈ ಹೋಯಿತು, ಯಾವ ಮುಖ ಹೊತ್ತು ದೇವರ ಮುಂದೆ ನಿಲ್ಲಲಿ ಎಂದು ನೆರೆಮನೆಯವರ ಮುಂದೆ ಅಂದಳಂತೆ. ಗುಡಿ ಬಿಡು ಎಂದು ವರ್ಷಗಟ್ಟಲೆ ಹೇಳಿದರೂ ಕೇಳದವಳು ಈಗ ತಾನಾಗಿ ಬಿಟ್ಟಿದ್ದಾಳೆ. ನಾನು ಖುಷಿಪಡಬೇಕು. ಶನಿವಾರ ಮನೆ ಬಿಕೋ ಎನ್ನುತ್ತದೆ.

೧೦ ಡಿಸೆಂಬರ್, ಸೋಮವಾರ

ಕೈ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಚೀಲ ಹಿಡಿಯಲು ಚಂದ್ರವ್ವ ಜೊತೆಗಿದ್ದಳು. ಉಡಚಪ್ಪನವರು ಒಂದು ಕೆಲಸ ಹೇಳಿದರು. ಈಗ ಯಾರ ಭುಜ ಮುರಿದು ಬಂದರೂ ಎರಡು ಕಡೆಯಿಂದ ಫೋಟೋ ತೆಗೆಯುತ್ತಾರಂತೆ, ಅಂದಾನಪ್ಪನವರೂ ಅವರೂ ಬೇರೆ ಬೇರೆ ಓದುತ್ತಾರಂತೆ. ತೆಗೆಯುವ ಮೊದಲು ಏನು ಹಚ್ಚಿದ್ದೀರಿ ಎಂದು ಎಲ್ಲರನ್ನೂ ಕೇಳುತ್ತಾರಂತೆ. ಎಲ್ಲರೂ ಏನೂ ಇಲ್ಲ ಎನ್ನುತ್ತಾರಂತೆ. "ನನಗ ಯಾರೂ ಹೇಳೂದಿಲ್ರಿ. ನೀವು ಒಂದೀಟು ಕೇಳ್ರಿ" ಎಂದರು. ನಾನೇನು ಆಸ್ಪತ್ರೆಯ ಆಯಾ ಅಲ್ಲ ಎಂದೆ. ಆದರೂ ವರಾಂಡಕ್ಕೆ ಹೋದೆ, ಹೇಗೂ ಅದೇ ದಾರಿ. ಚಂದ್ರವ್ವ ಹಿಂದೆಯೇ ಬಂದಳು.

ಮುಂಡರಗಿಯ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಹನಮಂತವ್ವ. ಮೇವಿನ ಬಣವೆಯಿಂದ ಜಾರಿ ಬಿದ್ದು ಭುಜ ಮುರಿದುಕೊಂಡಿದ್ದಳು. ಏನು ಹಚ್ಚಿದ್ದೀ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಶಾಲೆಯಲ್ಲಿ ಕೇಳುವ ದನಿಯಲ್ಲಿ ಮತ್ತೆ ಕೇಳಿದೆ. ಸೆರಗನ್ನು ಇನ್ನೂ ಬಿಗಿಯಾಗಿ ಹೊದ್ದುಕೊಂಡು ಗೋಡೆಯ ಕಡೆ ತಿರುಗಿದಳು. ಇಂಥವರಿಗೆ ಹೇಳಿ ಪ್ರಯೋಜನವಿಲ್ಲ. ಉಡಚಪ್ಪನವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು, ಅದೂ ಒಂದು ಕಿರಿಕಿರಿ.

ಅವಳ ಮುಂದೆ ಹೋಗಿ ಬಲಗೈ ಎತ್ತಿದೆ. ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಂತಿತು.

"ನೋಡವಾ, ಇದು ಇಷ್ಟ ಏಳತೈತಿ. ಇದಕ್ಕಿಂತ ಮ್ಯಾಲೆ ಏಳೂದಿಲ್ಲ. ಸಿಂಧೂರ ಹಚ್ಚಿದ್ದಕ್ಕ ಹಿಂಗಾಗಿಲ್ಲ. ಡಾಕ್ಟರು ಕೇಳಿದಾಗ ನಾ ಇಲ್ಲ ಅಂದ್ನಿ. ನನ್ನ ತಂಗಿ ಹೇಳತೇನಿ ಅಂದ್ಲು, ಆಕಿ ಬಾಯಿ ನಾನೇ ಮುಚ್ಚಿಸಿದ್ನಿ. ಆಕೀದು ಏನೂ ತಪ್ಪಿಲ್ಲ."

ಹನಮಂತವ್ವ ನನ್ನ ಕೈಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, ಸುಣ್ಣ ಹಚ್ಚಿದ್ದೇನೆ, ಅರಿಶಿಣ ಕಲಸಿ ಹಚ್ಚಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ನರ್ಸು ತೊಳೆಯಲು ಒಳಗೆ ಕರೆದುಕೊಂಡು ಹೋದಳು. ಇಷ್ಟು ಹೇಳಲು ಇಷ್ಟು ಹೊತ್ತು ಬೇಕಿತ್ತೇ? ಪೆದ್ದ ಹೆಂಗಸು.

ದಾರಿಯಲ್ಲಿ ಚಂದ್ರವ್ವ ಚೀಲವನ್ನು ಎದೆಗೆ ಅವಚಿಕೊಂಡು ನನ್ನ ಬಲಬದಿಗೆ ನಡೆದಳು. ಮನೆಗೆ ಬಂದು ಅಡಿಗೆಯನ್ನೂ ಕೆಡಿಸಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಾಳೆ. ಬಾಯಿಗೆ ಇಡುವಂತಿರಲಿಲ್ಲ. ಮತ್ತೊಮ್ಮೆ ಬಡಿಸಿಕೊಂಡು ಉಂಡೆ.